ಫೋನಿನಲ್ಲಿ ಇಲ್ಲದ್ದನ್ನು ಇರುವುದರಿಂದಲೇ ಪಡೆಯುವುದು

ಸ್ಮಾರ್ಟ್‌ಫೋನಿನಲ್ಲಿ ಒಂದು ಸೌಲಭ್ಯ 'ಇಲ್ಲ' ಎನ್ನುವುದಕ್ಕೆ ಎಲ್ಲ ಸಲವೂ ಒಂದೇ ಕಾರಣ ಇರುವುದಿಲ್ಲ. ಕೆಲವು ಸಲ ಆ ಕೆಲಸಕ್ಕೆ ಬೇಕಾದ ಬಿಡಿಭಾಗವನ್ನೇ ತಯಾರಕರು ಹಾಕಿರುವುದಿಲ್ಲ. ಕೆಲವು ಸಲ ಭಾಗ ಒಳಗೇ ಇರುತ್ತದೆ, ಆದರೆ ಆಪರೇಟಿಂಗ್ ಸಿಸ್ಟಂ ಅದನ್ನು ಮುಟ್ಟಲು ಬಿಡುವುದಿಲ್ಲ. ಇನ್ನು ಕೆಲವು ಸಲ ಭಾಗವೂ ಇದೆ, ತಡೆಯೂ ಇಲ್ಲ, ಆ ಕೆಲಸ ಮಾಡಿಸುವ ಒಂದು ಬಟನ್ ಇಡುವ ಗೋಜಿಗೆ ಮಾತ್ರ ಯಾರೂ ಹೋಗಿರುವುದಿಲ್ಲ. ನಮ್ಮ ಕೊರತೆ ಇವುಗಳಲ್ಲಿ ಯಾವ ಜಾತಿಯದು ಎಂದು ಮೊದಲು ಗೊತ್ತಾಗಬೇಕು. ಅದು ತಿಳಿಯದೆ ಆ್ಯಪ್ ಮೇಲೆ ಆ್ಯಪ್ ಹಾಕುತ್ತಾ ಹೋದರೆ ಜಾಹೀರಾತು ನೋಡುವುದಷ್ಟೇ ಉಳಿಯುತ್ತದೆ. ಇಲ್ಲದ ಭಾಗವನ್ನು ಯಾವ ಆ್ಯಪ್ ಕೂಡ ಹುಟ್ಟಿಸಲಾರದು.

ಹಾಗೆಂದು ಭಾಗ ಇಲ್ಲದಿದ್ದರೆ ಕೆಲಸ ಮುಗಿಯಿತು ಎಂದೂ ಅಲ್ಲ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಸೌಲಭ್ಯ ನಿಜಕ್ಕೂ ಯಾವ ಸಂಕೇತವನ್ನು ಹೊರಗೆ ಕಳಿಸಬೇಕು, ಅಥವಾ ಯಾವುದನ್ನು ಅಳೆಯಬೇಕು? ಬೆಳಕನ್ನೇ, ಸದ್ದನ್ನೇ, ಅಲುಗಾಟವನ್ನೇ, ಕಾಂತಕ್ಷೇತ್ರವನ್ನೇ? ಅದು ಸ್ಪಷ್ಟವಾದರೆ ಫೋನಿನ ಇನ್ಯಾವ ಭಾಗ ಅದೇ ಕೆಲಸ ಮಾಡಬಲ್ಲದು ಎಂದು ಹುಡುಕಬಹುದು. ಕ್ಯಾಮೆರಾ ಎಂದರೆ ಫೋಟೋ ತೆಗೆಯುವ ವಸ್ತು ಎಂದುಕೊಂಡವರಿಗೆ ಅದು ಫೋಟೋ ಮಾತ್ರ ಕೊಡುತ್ತದೆ. ಬೆಳಕಿನ ಏರಿಳಿತ ಅಳೆಯುವ ಸಾಧನ ಎಂದು ನೋಡಿದವರಿಗೆ ನಾಡಿಮಿಡಿತವನ್ನೂ ಕೊಡುತ್ತದೆ. ಬಳಸುದಾರಿಗಳೆಲ್ಲ ಹುಟ್ಟುವುದು ಹೀಗೆ ಬೇರೆ ಕಣ್ಣಿನಿಂದ ನೋಡಿದಾಗಲೇ.

ಇದಕ್ಕೆ ನನಗೆ ಅತ್ಯಂತ ಇಷ್ಟದ ಉದಾಹರಣೆ ಟಿವಿ ರಿಮೋಟ್. ಸ್ವಲ್ಪ ವಿವರವಾಗಿಯೇ ನೋಡೋಣ, ಏಕೆಂದರೆ ಇಡೀ ವಿದ್ಯೆಯ ತಿರುಳು ಇದರಲ್ಲಿದೆ.

ಕೆಲವು ಫೋನುಗಳಲ್ಲಿ ರಿಮೋಟಿನಂತೆ ಇನ್‌ಫ್ರಾರೆಡ್ ಬೆಳಕು ಹೊಮ್ಮಿಸುವ ಚಿಕ್ಕ ದೀಪ ಇರುತ್ತದೆ. ಬಹುಪಾಲು ಫೋನುಗಳಲ್ಲಿ ಇಲ್ಲ. ಟಿವಿಯ ರಿಮೋಟ್ ಮಾಡುವುದು ಇಷ್ಟೇ: ಕಣ್ಣಿಗೆ ಕಾಣದ ಬೆಳಕನ್ನು ಒಂದು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತದೆ. ಆ ಮಿನುಗಾಟವನ್ನು ಬಿಟ್ಟು ಬಿಟ್ಟು ಕಳಿಸುವ ಕ್ರಮದಲ್ಲೇ 'ಧ್ವನಿ ಏರಿಸು', 'ಚಾನೆಲ್ ಬದಲಿಸು' ಎಂಬ ಆಜ್ಞೆಗಳು ಅಡಗಿರುತ್ತವೆ. ಸೂರ್ಯನಿಂದಲೂ ಮನೆಯ ದೀಪಗಳಿಂದಲೂ ಇನ್‌ಫ್ರಾರೆಡ್ ಬರುತ್ತಲೇ ಇರುವುದರಿಂದ, ಟಿವಿಯಲ್ಲಿರುವ ಗ್ರಾಹಕ ಈ 38,000ದ ಲಯಕ್ಕೆ ಮಾತ್ರ ಕಿವಿಗೊಡುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ.

ಹಾಗಾದರೆ ನಮಗೆ ಬೇಕಾಗಿರುವುದು ಸೆಕೆಂಡಿಗೆ 38,000 ಸಲ ಏರಿಳಿಯುವ ವಿದ್ಯುತ್ತು. ಫೋನಿನಿಂದ ಏರಿಳಿಯುವ ವಿದ್ಯುತ್ತು ಹೊರಬರುವ ಜಾಗ ಯಾವುದು? ಹೆಡ್‌ಫೋನ್ ಜಾಕ್! ಸಂಗೀತ ಎಂದರೆ ಏರಿಳಿಯುವ ವಿದ್ಯುತ್ತೇ ತಾನೆ. ಆದರೆ ಇಲ್ಲಿ ಒಂದು ಗೋಡೆ ಅಡ್ಡ ಬರುತ್ತದೆ. ಡಿಜಿಟಲ್ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಿಂದುಗಳಾಗಿ ಕಟ್ಟುತ್ತಾರೆ. ಒಂದು ಅಲೆಗೆ ಒಂದು ಏರು, ಒಂದು ಇಳಿ ಎಂದು ಕನಿಷ್ಠ ಎರಡು ಬಿಂದುಗಳಾದರೂ ಬೇಕು. ಹಾಗಾಗಿ ಜಾಕ್‌ನಿಂದ ಹೊರಡಿಸಬಹುದಾದ ಅಲೆಗಳ ಮಿತಿ ಸೆಕೆಂಡಿಗೆ 22,050. ಮನುಷ್ಯರ ಕಿವಿಗೆ 20,000ದ ಆಚೆ ಕೇಳಿಸದ ಕಾರಣ ಸಂಗೀತಕ್ಕೆ ಅಷ್ಟು ಧಾರಾಳ ಸಾಕು, ರಿಮೋಟಿಗೆ ಸಾಲದು.

ಇಲ್ಲಿಯೇ ಉಪಾಯದ ಸೊಗಸು. 38,000ದ ಅರ್ಧ, ಅಂದರೆ 19,000ದ ಧ್ವನಿಯನ್ನು ನುಡಿಸುತ್ತಾರೆ. ಎಡಗಡೆಯ ಅಲೆ ಮೇಲೇರುವಾಗ ಬಲಗಡೆಯದು ಕೆಳಗಿಳಿಯುವಂತೆ ಎರಡನ್ನೂ ಒಂದಕ್ಕೊಂದು ತಿರುವುಮುರುವು ಮಾಡುತ್ತಾರೆ. ಜಾಕ್‌ನ ಪಿನ್ನಿನ ತುದಿ ಎಡಗಡೆಯ ಧ್ವನಿ, ಅದರ ನಂತರದ ಉಂಗುರ ಬಲಗಡೆಯದು. ಈ ಎರಡರ ನಡುವೆ ಎರಡು ಇನ್‌ಫ್ರಾರೆಡ್ ಎಲ್‌ಇಡಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸುತ್ತಾರೆ: ಒಂದರ ಉದ್ದ ಕಾಲಿಗೆ ಇನ್ನೊಂದರ ಗಿಡ್ಡ ಕಾಲು. ಎಲ್‌ಇಡಿಯಲ್ಲಿ ವಿದ್ಯುತ್ತು ಹರಿಯುವುದು ಒಂದೇ ದಿಕ್ಕಿಗೆ. ಅಲೆಯ ಏರಿನಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ, ಇಳಿಯಲ್ಲಿ ಇನ್ನೊಂದು. 19,000 ಅಲೆಗಳಿಂದ 38,000 ಮಿನುಗು ಸಿಕ್ಕಿತು! ಎಡಬಲಗಳನ್ನು ತಿರುವುಮುರುವು ಮಾಡಿದ್ದರಿಂದ ಇನ್ನೊಂದು ಲಾಭವೂ ಇದೆ: ಎರಡು ತಂತಿಗಳ ನಡುವಿನ ವೋಲ್ಟೇಜು ದುಪ್ಪಟ್ಟಾಗುತ್ತದೆ. ಒಂದೇ ಕಡೆಯ ವೋಲ್ಟೇಜು ಎಲ್‌ಇಡಿಯನ್ನು ಹೊತ್ತಿಸಲು ಅನೇಕ ಫೋನುಗಳಲ್ಲಿ ಸಾಲುವುದಿಲ್ಲ.

ಮಾಡಿ ನೋಡುವವರಿಗೆ ಕೆಲವು ಮಾತು. ಧ್ವನಿ ಪೂರ್ತಿ ಏರಿಸಿರಬೇಕು. ಈಕ್ವಲೈಜರ್ ಮತ್ತು 'ಧ್ವನಿ ಉತ್ತಮಪಡಿಸುವ' ಎಲ್ಲ ಆಯ್ಕೆಗಳನ್ನು ನಿಲ್ಲಿಸಿರಬೇಕು, ಏಕೆಂದರೆ ಅವು ಅಲೆಯ ಆಕಾರವನ್ನು ಕೆಡಿಸುತ್ತವೆ. ಆಜ್ಞೆಯ ಧ್ವನಿಯನ್ನು ಎಂಪಿ3 ಮಾಡಿ ಉಳಿಸಿದರೆ ಕೆಲಸ ಕೆಡುವ ಸಂಭವ ಹೆಚ್ಚು. ಕಡತ ಕುಗ್ಗಿಸಲು ಅದು ಮೊದಲು ಕೈಬಿಡುವುದೇ ಕಿವಿಗೆ ಕೇಳದ ಈ ಮೇಲಿನ ಭಾಗವನ್ನು. ಹೀಗೆ ಕುಗ್ಗಿಸದ ವೇವ್ ಕಡತವಾಗಿಯೇ ಇಡಿ. ದೀಪ ಹೊತ್ತಿಕೊಂಡಿದೆಯೇ ಎಂದು ತಿಳಿಯಲು ಇನ್ನೊಂದು ಫೋನಿನ ಮುಂದಿನ ಕ್ಯಾಮೆರಾದಿಂದ ನೋಡಿ. ಎಲ್‌ಇಡಿ ತುಸು ನೇರಳೆ ಛಾಯೆಯಲ್ಲಿ ಬೆಳಗುವುದು ಕಾಣುತ್ತದೆ. ಹಿಂದಿನ ಕ್ಯಾಮೆರಾಗಳಲ್ಲಿ ಇನ್‌ಫ್ರಾರೆಡ್ ತಡೆಯುವ ಗಾಜು ಹೆಚ್ಚು ಬಲವಾಗಿರುವುದರಿಂದ ಅಲ್ಲಿ ಕಾಣದೆಯೂ ಇರಬಹುದು. ಇಷ್ಟೆಲ್ಲಾ ಮಾಡಿದ ಮೇಲೂ ಇದರ ದೂರ ನಿಜವಾದ ರಿಮೋಟಿನಷ್ಟು ಬರುವುದಿಲ್ಲ, ಟಿವಿಗೆ ಹತ್ತಿರ ಹಿಡಿಯಬೇಕು. ನಿಮ್ಮ ಟಿವಿ ವೈಫೈಗೆ ಸೇರುವಂಥದ್ದಾದರೆ ಈ ಶ್ರಮವೇ ಬೇಡ. ತಯಾರಕರ ಆ್ಯಪ್ ಅದೇ ಜಾಲದ ಮೂಲಕ ಆಜ್ಞೆ ಕಳಿಸುತ್ತದೆ. ನೇರ ದಾರಿ ಇದ್ದಾಗ ಅದನ್ನೇ ಹಿಡಿಯಬೇಕು.

ಒಂದು ಭಾಗವನ್ನು ಅದರ ಹೆಸರಿನಾಚೆಗೆ ಬಳಸಿಕೊಂಡ ಕಥೆಗಳಲ್ಲಿ ದೊಡ್ಡ ಕಂಪನಿಗಳದ್ದೂ ಇವೆ. ಹಣಪಾವತಿ ಸೇವೆ ಕೊಡುವ ಸ್ಕ್ವೇರ್ ಕಂಪನಿಯ ಮೊದಲ ಕಾರ್ಡ್ ರೀಡರ್ ಹೆಡ್‌ಫೋನ್ ಜಾಕ್‌ಗೇ ಸಿಕ್ಕಿಸುವಂಥದ್ದು. ಕಾರ್ಡಿನ ಕಾಂತಪಟ್ಟಿಯನ್ನು ಎಳೆದಾಗ ಹುಟ್ಟುವ ಸಂಕೇತವನ್ನು ಫೋನು ಮೈಕಿನ ಧ್ವನಿ ಎಂಬಂತೆ ಕೇಳಿಸಿಕೊಂಡು ಓದುತ್ತಿತ್ತು. 2014ರಲ್ಲಿ ಗೂಗಲ್ ತಂದ ಕಾರ್ಡ್‌ಬೋರ್ಡ್ ಎಂಬ ರಟ್ಟಿನ ವಿಆರ್ (ಕಲ್ಪಿತ ಲೋಕದೊಳಗೇ ಇದ್ದಂತೆ ತೋರಿಸುವ) ಕನ್ನಡಕದೊಳಗೆ ಫೋನು ಮುಚ್ಚಿಹೋಗಿರುತ್ತಿತ್ತು, ಪರದೆ ಮುಟ್ಟಲು ದಾರಿ ಇರಲಿಲ್ಲ. ಅದಕ್ಕೆ ಕಂಡುಕೊಂಡ ಪರಿಹಾರ ಪಕ್ಕದಲ್ಲೊಂದು ಜಾರುವ ಅಯಸ್ಕಾಂತ. ಅದನ್ನು ಎಳೆದರೆ ದಿಕ್ಸೂಚಿಗೆಂದು ಇಟ್ಟಿದ್ದ ಸೆನ್ಸರ್ ಆ ಬದಲಾವಣೆಯನ್ನು ಗುರುತಿಸಿ 'ಬಟನ್ ಒತ್ತಿದರು' ಎಂದುಕೊಳ್ಳುತ್ತಿತ್ತು. ಎಲ್ಲ ಫೋನುಗಳಲ್ಲಿ ಇದು ಸರಿಯಾಗಿ ನಡೆಯದ ಕಾರಣ 2015ರ ಆವೃತ್ತಿಯಲ್ಲಿ ಪರದೆಯನ್ನೇ ಮುಟ್ಟುವ ಚಿಕ್ಕ ಸನ್ನೆಗೋಲು ಬಂತು. ಬಳಸುದಾರಿಗೆ ಇರುವ ಸಹಜ ಮಿತಿಯೂ ಇದರಲ್ಲಿ ಕಾಣುತ್ತದೆ: ಒಂದು ಫೋನಿನಲ್ಲಿ ಅಚ್ಚುಕಟ್ಟಾಗಿ ನಡೆದದ್ದು ಇನ್ನೊಂದರಲ್ಲಿ ಮುಗ್ಗರಿಸಬಹುದು.

ಮುಂದಿನ ಕ್ಯಾಮೆರಾಗೆ ಫ್ಲ್ಯಾಶ್ ಇಲ್ಲವೆಂದು ಪರದೆಯನ್ನೇ ಬೆಳ್ಳಗೆ ಹೊತ್ತಿಸುವ ಉಪಾಯವೂ ಇದೇ ಬಗೆಯದು. 2015ರ ಐಫೋನ್ 6ಎಸ್‌ನಲ್ಲಿ ಆ್ಯಪಲ್ ಕಂಪನಿಯೇ ಪರದೆಯನ್ನು ಫ್ಲ್ಯಾಶ್ ಆಗಿ ಬಳಸಿತು.

ಈಗ ನಾಡಿಮಿಡಿತಕ್ಕೆ ಬರೋಣ. ಹಿಂದಿನ ಕ್ಯಾಮೆರಾ ಮತ್ತು ಫ್ಲ್ಯಾಶ್ ಎರಡನ್ನೂ ಮುಚ್ಚುವಂತೆ ಬೆರಳಿಟ್ಟರೆ ಪರದೆ ಕೆಂಪಾಗುತ್ತದೆ. ಹೃದಯದ ಪ್ರತಿ ಬಡಿತಕ್ಕೂ ಬೆರಳ ತುದಿಗೆ ರಕ್ತ ನುಗ್ಗಿ, ಅದು ಹೀರುವ ಬೆಳಕು ಕ್ಷಣಕಾಲ ಹೆಚ್ಚುತ್ತದೆ. ಆ ಕೆಂಪು ಒಂದಿಷ್ಟು ಮಂಕಾಗುತ್ತದೆ. ಕಣ್ಣಿಗೆ ತಿಳಿಯದ ಈ ಏರಿಳಿತವನ್ನು ಆ್ಯಪ್ ಎಣಿಸುತ್ತದೆ. ನಿಮಿಷಕ್ಕೆ 72 ಬಡಿತ ಎಂದರೆ ಸೆಕೆಂಡಿಗೆ 1.2 ಮಾತ್ರ, ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಗೆ ಇದು ಸಲೀಸು. ಬೆರಳು ಬೆಚ್ಚಗಿದ್ದು ಅಲುಗಾಡದಿದ್ದರೆ ಸಂಖ್ಯೆ ಸಾಕಷ್ಟು ಹತ್ತಿರ ಬರುತ್ತದೆ.

ಆದರೆ ಅದೇ ಕ್ಯಾಮೆರಾದಿಂದ ರಕ್ತದ ಆಮ್ಲಜನಕ ಅಳೆಯುತ್ತೇವೆ ಎನ್ನುವ ಆ್ಯಪ್‌ಗಳನ್ನು ನಂಬಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಆಕ್ಸಿಮೀಟರ್ ಕೆಂಪು ಮತ್ತು ಇನ್‌ಫ್ರಾರೆಡ್ ಎಂಬ ಎರಡು ಬಣ್ಣದ ಬೆಳಕನ್ನು ಬೇರೆ ಬೇರೆಯಾಗಿ ಹಾಯಿಸಿ, ರಕ್ತ ಯಾವುದನ್ನು ಎಷ್ಟು ಹೀರಿತು ಎಂದು ಹೋಲಿಸುತ್ತದೆ. ಫೋನಿನ ಫ್ಲ್ಯಾಶ್ ಕೊಡುವುದು ಬಿಳಿ ಬೆಳಕು, ಅದರಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ. ಹಿಂದಿನ ಕ್ಯಾಮೆರಾ ಅದನ್ನು ತಡೆಯುವ ಗಾಜನ್ನೂ ಹೊತ್ತಿರುತ್ತದೆ. ಮಿಡಿತದ ಲೆಕ್ಕಕ್ಕೆ ಬೇಕಾದ ಮಾಹಿತಿ ಆ ಬೆಳಕಿನಲ್ಲಿದೆ, ಆಮ್ಲಜನಕದ ಲೆಕ್ಕಕ್ಕೆ ಬೇಕಾದ ಎರಡನೆಯ ಬಣ್ಣ ಇಲ್ಲ. ಉಸಿರಾಟದ ತೊಂದರೆ ಇರುವವರ ಮನೆಯಲ್ಲಿ ಇಂಥ ಆ್ಯಪ್ ತೋರಿಸುವ 98 ಎಂಬ ಅಂಕಿ ಅಪಾಯಕಾರಿ ಸಮಾಧಾನ. ಕೋಣೆಯ ಉಷ್ಣತೆ ಅಳೆಯುವ ಆ್ಯಪ್‌ಗಳದ್ದೂ ಇದೇ ಪಾಡು. 2013ರ ಗ್ಯಾಲಕ್ಸಿ ಎಸ್4ನಂಥ ಬೆರಳೆಣಿಕೆಯ ಫೋನುಗಳಲ್ಲಿ ಅದಕ್ಕೆಂದೇ ಸೆನ್ಸರ್ ಇತ್ತು. ಉಳಿದವುಗಳಲ್ಲಿ ನಿಮಗೆ ಕಾಣುವುದು ಒಂದೋ ಬ್ಯಾಟರಿಯ ಬಿಸಿಯಿಂದ ಊಹಿಸಿದ ಅಂಕಿ, ಇಲ್ಲವೇ ಇಂಟರ್ನೆಟ್ಟಿನಿಂದ ತಂದ ಹವಾಮಾನ ವರದಿ.

ದಿಕ್ಸೂಚಿ ಇಲ್ಲದ ಫೋನಿನಲ್ಲಿ ಮ್ಯಾಪ್‌ನ ಬಾಣ ಯಾವ ಕಡೆಗೋ ಮುಖ ಮಾಡಿ ನಿಲ್ಲುವುದನ್ನು ಅನೇಕರು ಜಿಪಿಎಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಜಿಪಿಎಸ್ ಹೇಳುವುದು ನೀವು ಎಲ್ಲಿದ್ದೀರಿ ಎಂದು. ಯಾವ ಕಡೆ ತಿರುಗಿ ನಿಂತಿದ್ದೀರಿ ಎಂಬುದು ಅದಕ್ಕೆ ತಿಳಿಯದು. ಅಲುಗಾಟದ ಸೆನ್ಸರ್‌ಗೆ ಗುರುತ್ವ ಯಾವ ಕಡೆಗಿದೆ ಎಂದು ಗೊತ್ತು, ಆದರೆ ನಿಂತಲ್ಲೇ ಸುತ್ತು ತಿರುಗಿದರೆ ಗುರುತ್ವದ ದಿಕ್ಕೇನೂ ಬದಲಾಗುವುದಿಲ್ಲ. ಪರಿಹಾರ ಸುಲಭ. ತೆರೆದ ಜಾಗದಲ್ಲಿ ನೇರವಾಗಿ ಒಂದಿಷ್ಟು ದೂರ ನಡೆಯಿರಿ. ಹಿಂದಿನ ಜಾಗ ಮತ್ತು ಈಗಿನ ಜಾಗವನ್ನು ಸೇರಿಸಿ ಫೋನು ದಿಕ್ಕನ್ನು ಲೆಕ್ಕ ಹಾಕುತ್ತದೆ, ಬಾಣ ಸರಿಯಾಗುತ್ತದೆ. ನಿಂತರೆ ಮತ್ತೆ ಮರೆಯುತ್ತದೆ. ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ಇಲ್ಲದ ಫೋನುಗಳಲ್ಲಿ ಅಲುಗಾಟ ಮತ್ತು ದಿಕ್ಸೂಚಿಯ ಉಳಿದ ಎರಡು ಸೆನ್ಸರ್‌ಗಳ ಲೆಕ್ಕದಿಂದ ಅದರ ಕೆಲಸ ನಡೆಸುವ ಆ್ಯಪ್‌ಗಳೂ ಇವೆ. ಅವುಗಳಿಂದ ವಿಆರ್ ನೋಡಿದರೆ ಚಿತ್ರ ನಡುಗುತ್ತದೆ, ಕಣ್ಣಿಗೆ ಆಯಾಸ, ಶಿಫಾರಸು ಮಾಡಲಾರೆ.

ಕೆಟ್ಟುಹೋದ ಭಾಗವೂ ಇಲ್ಲದ ಭಾಗವೇ. ಪವರ್ ಬಟನ್ ಒತ್ತಿದರೆ ಕೇಳದ, ವಾಲ್ಯೂಮ್ ಬಟನ್ ಒಳಗೆ ಕುಸಿದ ಫೋನುಗಳನ್ನು ಜನ ಬದಲಾಯಿಸಿಬಿಡುತ್ತಾರೆ. ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ' ಎಂಬ ವಿಭಾಗವನ್ನು ನಿಧಾನವಾಗಿ ಓದಬೇಕು. ಅಂಗವೈಕಲ್ಯ ಇರುವವರಿಗಾಗಿ ಕಾಳಜಿಯಿಂದ ಕಟ್ಟಿದ ಸೌಲಭ್ಯಗಳು ಅಲ್ಲಿವೆ, ಫೋನಿನ ಅತ್ಯಂತ ವಿಚಾರಪೂರ್ಣ ಭಾಗ ಅದೇ ಎಂದು ನನ್ನ ನಂಬಿಕೆ. ಐಫೋನಿನ ಅಸಿಸ್ಟಿವ್‌ಟಚ್ ಮತ್ತು ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ಮೆನು ಬಟನ್‌ಗಳ ಕೆಲಸವನ್ನು ಪರದೆಯ ಮೇಲೆಯೇ ತಂದಿಡುತ್ತವೆ. 2020ರ ಐಒಎಸ್ 14ರಿಂದ ಫೋನಿನ ಬೆನ್ನಿಗೆ ಎರಡು ಸಲ ಇಲ್ಲವೇ ಮೂರು ಸಲ ತಟ್ಟಿದರೆ ನಾವು ಹೇಳಿದ ಕೆಲಸ ನಡೆಯುತ್ತದೆ. ನೋಟಿಫಿಕೇಶನ್ ಬಂದಾಗ ಮಿನುಗುತ್ತಿದ್ದ ಚಿಕ್ಕ ದೀಪ ಈಗಿನ ಫೋನುಗಳಿಂದ ಮಾಯವಾಗಿದೆ. ಅದರ ಬದಲು ಕ್ಯಾಮೆರಾದ ಫ್ಲ್ಯಾಶ್ ಮಿನುಗಿಸುವ ಆಯ್ಕೆ ಐಫೋನಿನಲ್ಲಿ ಬಹಳ ಹಿಂದಿನಿಂದ ಇದೆ, ಆಂಡ್ರಾಯ್ಡ್‌ಗೆ 2023ರ 14ನೇ ಆವೃತ್ತಿಯಲ್ಲಿ ಬಂತು. ಕಿವಿ ಕೇಳದವರಿಗೆಂದು ಬಂದದ್ದು ಸದ್ದು ಮಾಡಬಾರದ ಜಾಗದಲ್ಲಿ ಕುಳಿತವರಿಗೂ ಒದಗುತ್ತದೆ.

ಬಟನ್ ಇಡುವ ಗೋಜಿಗೆ ಯಾರೂ ಹೋಗದ ಕೆಲಸಗಳಿಗೆ ಆಟೊಮೇಶನ್ ಆ್ಯಪ್‌ಗಳಿವೆ. ಆಂಡ್ರಾಯ್ಡ್‌ನಲ್ಲಿ ಟಾಸ್ಕರ್, ಮ್ಯಾಕ್ರೊಡ್ರಾಯ್ಡ್; ಐಫೋನಿನಲ್ಲಿ ಶಾರ್ಟ್‌ಕಟ್ಸ್. ಆ್ಯಪಲ್ 2017ರಲ್ಲಿ ಕೊಂಡುಕೊಂಡ ವರ್ಕ್‌ಫ್ಲೋ ಎಂಬ ಆ್ಯಪ್ ಮರುವರ್ಷ ಐಒಎಸ್ 12ರ ಜೊತೆ ಶಾರ್ಟ್‌ಕಟ್ಸ್ ಆಗಿ ಬಂತು. ಇವುಗಳ ವ್ಯಾಕರಣ ಒಂದೇ: ಇದು ನಡೆದಾಗ, ಹೀಗಿದ್ದರೆ, ಇದನ್ನು ಮಾಡು. ಫೋನು ಸೈಲೆಂಟ್‌ನಲ್ಲಿದ್ದು ಮನೆಯಲ್ಲೆಲ್ಲೋ ಕಳೆದಿದೆ ಎಂದುಕೊಳ್ಳಿ. ಗೊತ್ತುಮಾಡಿದ ಒಂದು ಗುಟ್ಟಿನ ಪದ ಇರುವ ಎಸ್‌ಎಂಎಸ್ ಬಂದಾಗ ಧ್ವನಿ ಪೂರ್ತಿ ಏರಿಸಿ ರಿಂಗ್ ಮಾಡು ಎಂದು ಟಾಸ್ಕರ್‌ಗೆ ಹೇಳಿಟ್ಟರೆ, ಇಂಟರ್ನೆಟ್ ಇಲ್ಲದಿದ್ದರೂ ಫೋನು ಕೂಗಿ ತನ್ನ ಜಾಗ ಹೇಳುತ್ತದೆ.

ಇವನ್ನು ಕಟ್ಟಿದವರ ದೊಡ್ಡ ದೂರು ಒಂದೇ: ಎರಡು ದಿನ ನಡೆದು ಆಮೇಲೆ ನಿಂತುಹೋಯಿತು. ಬಹುತೇಕ ಸಂದರ್ಭದಲ್ಲಿ ತಪ್ಪು ಆ ನಿಯಮದ್ದಲ್ಲ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ 2015ರ 6ನೇ ಆವೃತ್ತಿಯಿಂದ ಬಳಕೆಯಲ್ಲಿಲ್ಲದ ಫೋನನ್ನು ಗಾಢ ನಿದ್ದೆಗೆ ತಳ್ಳುತ್ತದೆ. ಕೆಲವು ತಯಾರಕರು ಅದರ ಮೇಲೆ ತಮ್ಮದೇ ಕಟ್ಟುಪಾಡು ಹೇರಿ, ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತಾರೆ. ಆಟೊಮೇಶನ್ ಆ್ಯಪ್‌ಗೆ ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ವಿನಾಯಿತಿ ಕೊಡುವುದು ಮೊದಲ ಹೆಜ್ಜೆ, ಕೊನೆಯದಲ್ಲ.

ಬೀಗ ಹಾಕಿದ ಬಾಗಿಲಿನ ಮಾತು ಹೆಚ್ಚು ಸೂಕ್ಷ್ಮ. ಕರೆ ರೆಕಾರ್ಡ್ ಮಾಡುವುದನ್ನೇ ನೋಡಿ. ಮೈಕೂ ಇದೆ, ಸ್ಪೀಕರೂ ಇದೆ, ಆದರೆ ಆಂಡ್ರಾಯ್ಡ್ ಹಂತಹಂತವಾಗಿ ದಾರಿ ಮುಚ್ಚುತ್ತಾ ಬಂತು. ಆಗ ಆ್ಯಪ್ ಬರೆಯುವವರು ಆಕ್ಸೆಸಿಬಿಲಿಟಿ ಅನುಮತಿಯ ಮೂಲಕ ಒಳಬಂದರು. 2022ರ ಮೇ ತಿಂಗಳಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನ ನಿಯಮ ಬದಲಿಸಿ ಅದನ್ನೂ ನಿಷೇಧಿಸಿತು. ಐಫೋನಿನಲ್ಲಿ 2024ರ ಐಒಎಸ್ 18.1ರಲ್ಲಿ ಈ ಸೌಲಭ್ಯ ಬಂದಿದ್ದು, ರೆಕಾರ್ಡ್ ಆಗುತ್ತಿದೆ ಎಂದು ಇಬ್ಬರಿಗೂ ಕೇಳುವಂತೆ ಘೋಷಣೆಯಾದ ಮೇಲೆಯೇ. ಸ್ಪೀಕರ್ ಹಾಕಿ ಪಕ್ಕದಲ್ಲಿ ಇನ್ನೊಂದು ಸಾಧನ ಇಟ್ಟು ರೆಕಾರ್ಡ್ ಮಾಡುವುದನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು. ಆದರೆ ಬೀಗ ಹಾಕಿದ್ದು ಆ ಕಡೆ ಮಾತಾಡುತ್ತಿರುವವರ ಹಿತಕ್ಕಾಗಿ. ಅವರ ಒಪ್ಪಿಗೆ ಬೇಕೇ ಬೇಡವೇ ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ; ಹೇಳಿಯೇ ರೆಕಾರ್ಡ್ ಮಾಡುವುದು ಎಲ್ಲ ಕಡೆಯೂ ಸರಿಯಾದ ನಡತೆ.

ಆಕ್ಸೆಸಿಬಿಲಿಟಿ ಅನುಮತಿಯ ಬಗ್ಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅದನ್ನು ಪಡೆದ ಆ್ಯಪ್ ನಿಮ್ಮ ಪರದೆಯಲ್ಲಿ ಕಾಣುವುದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಪರದೆ ಓದಿ ಹೇಳುವ ಆ್ಯಪ್‌ಗೆ ಅಷ್ಟು ಅಧಿಕಾರ ಬೇಕೇ ಬೇಕು. ಆದರೆ ಬ್ಯಾಂಕ್ ಖಾತೆ ದೋಚುವ ಮಾಲ್‌ವೇರ್‌ಗಳೂ ಕೇಳುವುದು ಇದನ್ನೇ. ಹಾಗಾಗಿ 2022ರ ಆಂಡ್ರಾಯ್ಡ್ 13ರಿಂದ, ಸ್ಟೋರಿನ ಹೊರಗಿನಿಂದ ಹಾಕಿದ ಆ್ಯಪ್‌ಗಳಿಗೆ ಈ ಅನುಮತಿ ಸುಲಭವಾಗಿ ಸಿಗದಂತೆ ಮಾಡಿದ್ದಾರೆ. ಟಾರ್ಚ್‌ಗೆ ಒಂದು ಶಾರ್ಟ್‌ಕಟ್ ಕೊಡುತ್ತೇನೆಂದು ಬಂದ ಅಪರಿಚಿತ ಆ್ಯಪ್ ಇದನ್ನು ಕೇಳಿದರೆ, ಟಾರ್ಚ್ ಶಾರ್ಟ್‌ಕಟ್ ಇಲ್ಲದೆಯೇ ಬದುಕುವುದು ಲೇಸು.

ರೂಟ್ ಮಾಡಿದರೆ, ಅಂದರೆ ಫೋನಿನ ಸಿಸ್ಟಂ ಮೇಲೆ ಪೂರ್ತಿ ಅಧಿಕಾರ ಪಡೆದರೆ, ಎಲ್ಲ ಬಾಗಿಲೂ ತೆರೆಯುತ್ತದೆ ಎನ್ನುವವರಿದ್ದಾರೆ. ನಿಜ. ಆದರೆ ಅದಕ್ಕೆ ಮೊದಲು ಬೂಟ್‌ಲೋಡರ್ (ಫೋನು ಆನ್ ಆಗುವಾಗ ಸಿಸ್ಟಂ ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡುವಾಗ ಫೋನಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಫೋನಿನ ಸಿಸ್ಟಂ ತಿದ್ದಿಲ್ಲವೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆಯಲ್ಲಿ ಸೋತು ಹಣಪಾವತಿಯ ಆ್ಯಪ್‌ಗಳು ನಿಲ್ಲಬಹುದು. ದಿನನಿತ್ಯದ ಫೋನಿಗೆ ಒಂದೇ ಒಂದು ಸೌಲಭ್ಯದ ಆಸೆಗಾಗಿ ಇದನ್ನು ಮಾಡಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ; ಮೂಲೆ ಸೇರಿದ ಹಳೆಯ ಫೋನಿದ್ದರೆ ಅದರಲ್ಲಿ ಕಲಿಯಿರಿ. ಅಷ್ಟು ದೂರ ಹೋಗದೆ ನಡುವಿನ ದಾರಿ ಒಂದಿದೆ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ. ಆ್ಯಪ್ ಬರೆಯುವವರ ಪರೀಕ್ಷೆಗೆಂದು ಗೂಗಲ್ಲೇ ಕೊಟ್ಟ ಸಾಧನ ಅದು. 2020ರ ಆಂಡ್ರಾಯ್ಡ್ 11ರಿಂದ ವೈಫೈ ಮೂಲಕವೂ ನಡೆಯುತ್ತದೆ. ತೆಗೆಯಲಾಗದ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸುವುದು, ಸೆಟ್ಟಿಂಗ್ಸ್‌ನಲ್ಲಿ ಕಾಣದ ಆಯ್ಕೆಯನ್ನು ಬದಲಿಸುವ ಅನುಮತಿಯನ್ನು ನಂಬಿಕೆಯ ಒಂದು ಆ್ಯಪ್‌ಗೆ ಕೊಡುವುದು, ಇಂಥವು ಇದರಿಂದ ಸಾಧ್ಯ. ಶಿಜುಕು ಎಂಬ ಆ್ಯಪ್ ಇದೇ ಅಧಿಕಾರವನ್ನು ಫೋನಿನೊಳಗಿನ ಬೇರೆ ಆ್ಯಪ್‌ಗಳಿಗೆ ಹಂಚುತ್ತದೆ. ರೂಟ್ ಇಲ್ಲದಿದ್ದರೆ ಫೋನು ಆಫ್ ಆಗಿ ಆನ್ ಆದಾಗ ಅದನ್ನು ಸಾಮಾನ್ಯವಾಗಿ ಮತ್ತೆ ಶುರು ಮಾಡಬೇಕು.

ಏನು ಮಾಡಿದರೂ ಬರದವೂ ಇವೆ. ಎನ್‌ಎಫ್‌ಸಿ (ಹತ್ತಿರ ಹಿಡಿದಾಗ ಮಾಹಿತಿ ಸಾಗಿಸುವ ರೇಡಿಯೋ) ಇಲ್ಲದ ಫೋನಿನ ಬೆನ್ನಿಗೆ ಎನ್‌ಎಫ್‌ಸಿ ಸ್ಟಿಕ್ಕರ್ ಅಂಟಿಸಿದರೆ ಇನ್ನೊಂದು ಫೋನು ಅದನ್ನು ಓದಬಹುದೇ ಹೊರತು ನಿಮ್ಮ ಫೋನಿಗೆ ಅದರ ಪರಿಚಯವೇ ಇರುವುದಿಲ್ಲ. 5ಜಿ ರೇಡಿಯೋ ಇಲ್ಲದಿದ್ದರೆ ಇಲ್ಲ. ವೈರ್‌ಲೆಸ್ ಚಾರ್ಜಿಂಗ್‌ಗೆ ಮಾತ್ರ ಹೊರಗಿನಿಂದ ಅಂಟಿಸುವ ತೆಳುವಾದ ಸುರುಳಿ ಸಿಗುತ್ತದೆ, ಚಾರ್ಜಿಂಗ್ ಜಾಗಕ್ಕೆ ಚಿಕ್ಕ ಪಟ್ಟಿ ಸಿಕ್ಕಿಸಿ ಕವರ್ ಹಾಕಿದರಾಯಿತು. ವೇಗ ಕಡಿಮೆ, ಬಿಸಿ ಹೆಚ್ಚು.

ಇಷ್ಟರಲ್ಲಿ ಯಾವುದನ್ನು ನೆಚ್ಚಬಹುದು ಎಂದು ತೀರ್ಮಾನಿಸಲು ನಾನು ನೋಡುವುದು ಅದು ಕೆಟ್ಟಾಗ ನಮಗೆ ತಿಳಿಯುತ್ತದೆಯೇ ಎಂದು. ಎಲ್‌ಇಡಿ ರಿಮೋಟ್ ಸೋತರೆ ಟಿವಿ ಸುಮ್ಮನಿರುತ್ತದೆ, ಕೂಡಲೇ ಗೊತ್ತಾಗುತ್ತದೆ, ನಷ್ಟವಿಲ್ಲ. ಗುಟ್ಟಿನ ಪದದ ನಿಯಮ ಸತ್ತರೆ ಫೋನು ಕಳೆದ ದಿನವೇ ತಿಳಿಯುವುದು. ಮಾತ್ರೆ ನೆನಪಿಸುವ ಕೆಲಸವನ್ನೋ, ಮನೆಯ ಹಿರಿಯರು ಬಿದ್ದರೆ ಸುದ್ದಿ ಕಳಿಸುವ ಕೆಲಸವನ್ನೋ ಇಂಥ ನಿಯಮಕ್ಕೆ ಒಪ್ಪಿಸುವುದಿದ್ದರೆ, ಅದು ದಿನಕ್ಕೊಂದು ಸಲ 'ನಾನು ಎಚ್ಚರವಾಗಿದ್ದೇನೆ' ಎಂದು ನೋಟಿಫಿಕೇಶನ್ ಹಾಕುವಂತೆ ಅದರೊಳಗೇ ಕಟ್ಟಿಬಿಡಿ. ಅದು ಬಾರದ ದಿನ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಅನುಮತಿಗಳನ್ನು ಒಮ್ಮೆ ನೋಡಿಕೊಳ್ಳಿ. ಎಡಿಬಿಯಿಂದ ಏನಾದರೂ ಬದಲಿಸಿದ್ದರೆ ಆ ಆಜ್ಞೆಯನ್ನೂ, ಅದನ್ನು ಹಿಂದಕ್ಕೆ ಪಡೆಯುವ ಆಜ್ಞೆಯನ್ನೂ ಫೋನಿನ ಹೊರಗೆ ಎಲ್ಲಾದರೂ ಬರೆದಿಡಿ.